ಬಿಸಿಯೂಟದ ಭಾಗ್ಯಕ್ಕ ಮತ್ತು ಅಂಕಿತಾಳ ಗುಳಿಗೆ

ಕಾಗಾಲದ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಭಾಗ್ಯಲಕ್ಷ್ಮಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಮೂವತ್ತೆಂಟು ಮಕ್ಕಳು, ಇಬ್ಬರು ಮಾಸ್ತರರು, ಅಡುಗೆಗೆ ಅವಳು ಮತ್ತು ಮಂಜಿ. ಮಕ್ಕಳೆಲ್ಲ ಅವಳನ್ನು ಭಾಗ್ಯಕ್ಕ ಎನ್ನುತ್ತಾರೆ. ಯಾವ ಹುಡುಗನಿಗೆ ಬದನೆಕಾಯಿ ಸೇರುವುದಿಲ್ಲ, ಯಾವ ಹುಡುಗಿ ಎರಡನೇ ಸಲ ಅನ್ನ ಕೇಳಲು ನಾಚುತ್ತಾಳೆ ಎಂಬುದೆಲ್ಲ ಅವಳಿಗೆ ಗೊತ್ತು. ನಾಚುವವಳಿಗೆ ಕೇಳುವ ಮೊದಲೇ ಬಡಿಸಿಬಿಡುತ್ತಾಳೆ. ಅದೇ ಸಾಲಿನಲ್ಲಿ ಅವಳ ಮಗಳು ಅಂಕಿತಾಳೂ ತಟ್ಟೆ ಹಿಡಿದು ನಿಲ್ಲಬೇಕಿತ್ತು. ಆದರೆ ಅಂಕಿತಾ ಸಾಲಿನಲ್ಲಿ ನಿಂತದ್ದನ್ನು ಯಾರೂ ಕಂಡವರಿಲ್ಲ.

ಅಂಕಿತಾಳಿಗೆ ಮೂರು ವರ್ಷವಾದರೂ ಮಾತು ಬಂದಿರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ರಸ್ತೆಯಲ್ಲಿ ಟೆಂಪೋ ಬಂದ ಶಬ್ದಕ್ಕೆ ಮಾತ್ರ ಒಳಗಿನಿಂದ ಓಡಿ ಬರುತ್ತಿದ್ದಳು. ನಾಲ್ಕು ತುಂಬಿದ ಮೇಲೆ ಹೊನ್ನಾವರದಲ್ಲಿ ಡಾಕ್ಟರೊಬ್ಬರು ನೋಡಿ ಆಟಿಸಂ ಎಂದರು. ಭಾಗ್ಯ ಆ ಶಬ್ದವನ್ನು ಬಸ್ ಟಿಕೆಟಿನ ಹಿಂದೆ ಬರೆಸಿಕೊಂಡು ಬಂದಳು. ಐದರ ಹೊತ್ತಿಗೆ ಮಾತು ಬಂತು, ಅದೂ ವಾಹನಗಳ ನಂಬರಿನಿಂದ. ತಾಯಿಯನ್ನು 'ಆಯಿ' ಎಂದು ಕರೆಯುವುದಕ್ಕಿಂತ ಮೊದಲು ಅವಳು 'ಕೆಎ ನಲವತ್ತೇಳು' ಎಂದಳು. ಆಮೇಲೆ ಊರಿನಲ್ಲಿ ಯಾರ ಬೈಕಿನ ನಂಬರು ಎಷ್ಟೆಂದು ಕೇಳಿದರೂ ರಾಗವಾಗಿ ಹೇಳತೊಡಗಿದಳು. ಜನರಿಗೆ ಅದೊಂದು ಆಟವಾಯಿತು. ಭಾಗ್ಯಳಿಗೆ ಅಷ್ಟಾದರೂ ಆಯಿತಲ್ಲ ಎಂಬ ಸಮಾಧಾನ.

ಕೂತಲ್ಲಿ ಕೂರುವುದು ಮಾತ್ರ ಅವಳಿಗೆ ಆಗುತ್ತಿರಲಿಲ್ಲ. ಎರಡು ತುತ್ತಿಗೆ ಎದ್ದು ಅಂಗಳಕ್ಕೆ ಹೋಗುವಳು, ಬಾವಿ ಸುತ್ತಿ ಬಂದು ಮತ್ತೊಂದು ತುತ್ತು ತಿನ್ನುವಳು. ಮೂರನೇ ತರಗತಿಗೆ ಬಂದರೂ ಬೆಂಚಿನ ಮೇಲೆ ಐದು ನಿಮಿಷ ಉಳಿಯುತ್ತಿರಲಿಲ್ಲ. ಪೆನ್ಸಿಲ್ ಹಿಡಿದರೆ ಒಂದು ಅಕ್ಷರ ಬರೆದು ಬಿಡುವಳು. ಆ ಅಕ್ಷರ ಮಾತ್ರ ಅಚ್ಚು ಹಾಕಿದಷ್ಟು ಚಂದ. ಅದನ್ನು ಕಂಡೇ ಗುರುದತ್ತ ಮಾಸ್ತರರು ಅವಳ ಮೇಲಿನ ಆಸೆ ಬಿಟ್ಟಿರಲಿಲ್ಲ.

ಭಾಗ್ಯಳ ಗಂಡ ಉಮೇಶನಿಗೆ ಭಟ್ಕಳದ ಒಂದು ವೆಲ್ಡಿಂಗ್ ಶಾಪಿನಲ್ಲಿ ಕೆಲಸ. ಕಿಟಕಿ, ಗೇಟು, ಶೀಟಿನ ಮಾಡು ಮಾಡಿಕೊಡುವ ಅಂಗಡಿ. ಶನಿವಾರ ಸಂಜೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೋಗುವವನು. ಉಳಿದ ದಿನ ಮನೆಯಲ್ಲಿ ಭಾಗ್ಯ, ಅಂಕಿತಾ ಮತ್ತು ಅತ್ತೆ ಗಣಪಿ.

ಸುಮಾರು ಮೂರು ವರ್ಷದ ಹಿಂದೆ, ಜುಲೈ ತಿಂಗಳ ಒಂದು ಮಂಗಳವಾರ, ಭಾಗ್ಯ ಸಾಂಬಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಮಕ್ಕಳ ಕೂಗು ಕೇಳಿತು. ಅಂಕಿತಾ ತರಗತಿಯಲ್ಲಿ ಇರಲಿಲ್ಲ. ಶಾಲೆಯ ಗೇಟು ಮುರಿದು ವರ್ಷವಾಗಿತ್ತು, ಒಂದು ಬಿದಿರಿನ ಗಳ ಅಡ್ಡ ಇಟ್ಟಿದ್ದರು, ಅಷ್ಟೆ. ಭಾಗ್ಯ ಸೌಟು ಬಿಸಾಕಿ ರಸ್ತೆಗೆ ಓಡಿದಳು. ಗುರುದತ್ತ ಮಾಸ್ತರರು ಇನ್ನೊಂದು ದಿಕ್ಕಿಗೆ ಓಡಿದರು. ಕಾಲು ಗಂಟೆಯ ನಂತರ ರಾಮ ಎಂಬಾತ ಮಗುವನ್ನು ಹೆಗಲ ಮೇಲೆ ಹೊತ್ತು ತಂದ. ಅವನು ಗಜನಿ ಗದ್ದೆಯ ಒಡ್ಡಿಗೆ ಮಣ್ಣು ಹಾಕುತ್ತಿದ್ದನಂತೆ. ಹೊಳೆಯ ಉಪ್ಪು ನೀರು ಒಳಗೆ ಬರದ ಹಾಗೆ ಭತ್ತದ ಗದ್ದೆಗೆ ಕಟ್ಟಿದ ಆ ಒಡ್ಡಿನ ಪಕ್ಕ ಮಳೆಗಾಲದಲ್ಲಿ ಆಳವಾದ ನೀರು. ಅಂಕಿತಾ ಸೊಂಟದ ಮಟ್ಟ ಇಳಿದಿದ್ದಳು. ಅವಳಿಗೆ ಹೆದರಿಕೆಯೇನೂ ಆಗಿರಲಿಲ್ಲ. ಒದ್ದೆ ಲಂಗ ಹಿಂಡುತ್ತ ರಾಮನ ಬೈಕಿನ ನಂಬರು ಹೇಳುತ್ತಿದ್ದಳು.

ಊಟದ ಗಂಟೆಯಾದ ಮೇಲೆ ಗುರುದತ್ತ ಮಾಸ್ತರರು ಅಡುಗೆ ಕೋಣೆಯ ಬಾಗಿಲಿಗೆ ಬಂದು ನಿಂತರು. 

"ಭಾಗ್ಯಕ್ಕಾ, ಬೋರ್ಡಿನ ಮೇಲೆ ಒಂದು ಲೆಕ್ಕ ಬರ್ದು ತಿರುಗುವಷ್ಟರಲ್ಲಿ ಇಲ್ಲ. ಅವಳಿಗೆ ಏನಾದ್ರೂ ಆಗಿದ್ರೆ ನಾನು ಈ ಊರಲ್ಲಿ ಮುಖ ಎತ್ತಿ ತಿರ್ಗುದು ಹೆಂಗೆ? ಒಂದ್ಸಲ ಹೊನ್ನಾವರಕ್ಕೆ ಕರ್ಕಂಡ್ ಹೋಗಿ. ನಮ್ಮ ಅಕ್ಕನ ಮಗನಿಗೂ ಹೀಂಗೇ ಇತ್ತು, ಗುಳಿಗೆ ಕೊಡ್ತಾರೆ."

ಮನೆಯಲ್ಲಿ ಗಣಪಿಯ ಮಾತು ಬೇರೆ. "ಶಾಲೆ ಬಿಡ್ಸು. ನಾನು ನೋಡ್ಕಂತೆ."

"ಅತ್ತೆ, ನಿಮ್ಗೆ ಅವಳ ಹಿಂದೆ ಓಡುಕೆ ಆಗ್ತದಾ?"

"ಬಾಗ್ಲು ಹಾಕಂಡ್ರೆ ಆತು."

"ಎಷ್ಟು ವರ್ಷ ಬಾಗ್ಲು ಹಾಕಂಡ್ ಇಡುದು?" ಎಂದಳು ಭಾಗ್ಯ. 

ಹೊನ್ನಾವರಕ್ಕೆ ತಿಂಗಳಿಗೆ ಎರಡು ಸಲ ಬಂದು ಹೋಗುವ ಮಕ್ಕಳ ಮನೋವೈದ್ಯೆ ಭಟ್ಕಳದವರು. ಮನೆಮಾತು ನವಾಯತಿ, ಆದರೆ ಕನ್ನಡವನ್ನು ನಿಧಾನವಾಗಿ, ಒಂದೊಂದೇ ಮಾತು ಎಣಿಸಿದ ಹಾಗೆ ಆಡುತ್ತಿದ್ದರು. ಅಂಕಿತಾ ಅವರ ಕೋಣೆಯಲ್ಲಿ ಕುರ್ಚಿ ಹತ್ತಿ ಇಳಿದು, ಫ್ಯಾನಿನ ಸ್ವಿಚ್ಚು ಒತ್ತಿ, ಕಾಟಿನ ಅಡಿ ತೂರಿ ಹೊರಗೆ ಬಂದಳು. ಡಾಕ್ಟರು ತಡೆಯಲಿಲ್ಲ. ಅರ್ಧ ಗಂಟೆ ಸುಮ್ಮನೆ ನೋಡಿದರು, ಕೇಳಿದರು, ಬರೆದುಕೊಂಡರು. ಮೊದಲ ಸಲ ಗುಳಿಗೆ ಬರೆದುಕೊಡಲೂ ಇಲ್ಲ. ಅವಳನ್ನು ಬಾಗಿಲ ಹತ್ತಿರ ಅಲ್ಲ, ಮಾಸ್ತರರ ಮೇಜಿನ ಪಕ್ಕ ಕೂರಿಸಿ. ಹತ್ತು ನಿಮಿಷಕ್ಕೊಮ್ಮೆ ಏನಾದರೂ ಕೆಲಸ ಹೇಳಿ ಎಬ್ಬಿಸಿ. ಮುಂದೆ ಏನು ಮಾಡಬೇಕು ಎನ್ನುವುದನ್ನು ಚಿತ್ರ ಬರೆದು ತೋರಿಸಿ ಎಂದರು. ಗುರುದತ್ತ ಮಾಸ್ತರರು ಎಲ್ಲವನ್ನೂ ಮಾಡಿದರು. ಗಂಟೆ ಹೊಡೆಯುವ ಕೆಲಸ ಅಂಕಿತಾಳದಾಯಿತು. ಸ್ವಲ್ಪ ಸುಧಾರಿಸಿತು. ಸಾಲಲಿಲ್ಲ. ಸೆಪ್ಟೆಂಬರಿನಲ್ಲಿ ಇನ್ನೆರಡು ಸಲ ಅವಳು ಗಳದ ಅಡಿಯಿಂದ ನುಸುಳಿ ಹೊರಗೆ ಹೋದಳು.

ದಸರಾ ರಜೆಯಲ್ಲಿ ಹೋದಾಗ ಡಾಕ್ಟರು ಅಂಕಿತಾಳ ತೂಕ ನೋಡಿದರು, ಎತ್ತರ ನೋಡಿದರು, ತೋಳಿಗೆ ಪಟ್ಟಿ ಕಟ್ಟಿ ಬಿ.ಪಿ. ನೋಡಿದರು. ಮನೆಯಲ್ಲಿ ಯಾರಿಗಾದರೂ ಸಣ್ಣ ವಯಸ್ಸಿನಲ್ಲಿ ಹೃದಯದ ತೊಂದರೆ ಇತ್ತೇ ಎಂದು ಕೇಳಿದರು. ಆಮೇಲೆ ಕುರ್ಚಿಯನ್ನು ಭಾಗ್ಯಳ ಹತ್ತಿರಕ್ಕೆ ಎಳೆದುಕೊಂಡರು.

"ಒಂದು ಗುಳಿಗೆ ಕೊಟ್ಟು ನೋಡೋಣ. ಇದು ಆಟಿಸಂಗೆ ಅಲ್ಲ, ಅದನ್ನ ಮೊದಲು ತಿಳ್ಕೊಳ್ಳಿ. ಅವಳ ಚಡಪಡಿಕೆ ಕಮ್ಮಿ ಆಗೋಕೆ, ಒಂದು ಕಡೆ ಗಮನ ನಿಲ್ಲೋಕೆ ಇದು ಸಹಾಯ ಮಾಡಬಹುದು. ಮಾಡದೆಯೂ ಇರಬಹುದು. ಆಟಿಸಂ ಇರೋ ಮಕ್ಕಳಿಗೆ ಇದು ಒಗ್ಗೋದು ಬೇರೆ ಮಕ್ಕಳಿಗಿಂತ ಕಮ್ಮಿ, ತೊಂದರೆ ಕೊಡೋದು ಸ್ವಲ್ಪ ಜಾಸ್ತಿ. ಅದಕ್ಕೇ ತೀರಾ ಸಣ್ಣದಾಗಿ ಶುರು ಮಾಡೋದು."

"ಡಾಕ್ಟ್ರೇ, ಮಂಕು ಹಿಡ್ದಂಗೆ ಆಗ್ತದಾ?"

"ಹಾಗಾದ್ರೆ ಔಷಧಿ ಹೆಚ್ಚಾಗಿದೆ, ಇಲ್ಲಾ ಅವಳಿಗೆ ಒಗ್ಗಿಲ್ಲ ಅಂತ ಅರ್ಥ. ಬಂದು ನನಗೆ ಹೇಳಬೇಕು. ಹಸಿವು ಕಮ್ಮಿ ಆಗಬಹುದು, ನಿದ್ದೆ ತಡ ಆಗಬಹುದು, ಅಳು ಬರಬಹುದು. ಎಲ್ಲ ಬರೆದಿಡಿ." ಡಾಕ್ಟರು ಎರಡು ಕಾಗದ ಕೊಟ್ಟರು, ಒಂದು ಮನೆಯವರು ತುಂಬುವುದು, ಇನ್ನೊಂದು ಮಾಸ್ತರರು ತುಂಬುವುದು.

ಶನಿವಾರ ಉಮೇಶ ಬಂದಾಗ ಭಾಗ್ಯ ಗುಳಿಗೆಯ ಪಟ್ಟಿ ತೋರಿಸಿದಳು. ಅವನು ಕೈಗೆ ತೆಗೆದುಕೊಳ್ಳಲೂ ಇಲ್ಲ.

"ಇದೆಲ್ಲ ಚಟ ಹಿಡಿಸ್ತದೆ ಅಂತ ಮೊಬೈಲಲ್ಲಿ ನೋಡಿದ್ದೆ. ಓಡುದೇ ಅವಳ ಸ್ವಭಾವ. ಓಡ್ಲಿ ಬಿಡು."

"ಗಜನಿಗೆ ಓಡಿದ್ಲು, ಗೊತ್ತಲ್ಲಾ ನಿಮ್ಗೆ?"

"ಗೊತ್ತು."

"ನೀವು ಇಲ್ಲಿ ಇರೂದಿಲ್ಲ. ಹಿಂದೆ ಓಡುದು ನಾನು."

ಉಮೇಶ ಅಂಗಿ ಹಾಕಿಕೊಂಡು ಹೊರಗೆ ಹೋದ. ಆ ವಾರ ಅವನು ಸೋಮವಾರದ ಬದಲು ಭಾನುವಾರ ಸಂಜೆಯೇ ಭಟ್ಕಳದ ಬಸ್ಸು ಹತ್ತಿದ. ಗುಳಿಗೆಯ ಹೆಸರು ಬಂದರೆ ಅವನು ಹೀಗೇಕೆ ಮುದುಡುತ್ತಾನೆ ಎಂಬುದು ಭಾಗ್ಯಳಿಗೆ ಆಗ ತಿಳಿಯಲಿಲ್ಲ. ಮೊದಲ ಗುಳಿಗೆಯನ್ನು ಅವಳು ಒಬ್ಬಳೇ ಕೊಟ್ಟಳು. ಪುಡಿ ಮಾಡಿ, ಬೆಲ್ಲದಲ್ಲಿ ಕಲಸಿ, ದೋಸೆಯ ಒಂದು ಮೂಲೆಗೆ ಸವರಿ. ಅಂಕಿತಾ ಆ ಮೂಲೆಯನ್ನು ಬಿಟ್ಟು ಉಳಿದದ್ದನ್ನು ತಿಂದಳು. ಮೂರನೆಯ ದಿನ ಬಾಳೆಹಣ್ಣಿನಲ್ಲಿ ಕೊಟ್ಟಾಗ ನುಂಗಿದಳು.

ಹತ್ತನೆಯ ದಿನವೋ ಹನ್ನೊಂದನೆಯ ದಿನವೋ ಗುರುದತ್ತ ಮಾಸ್ತರರು ಒಬ್ಬ ಹುಡುಗಿಯ ಕೈಲಿ ಹೇಳಿ ಕಳಿಸಿದರು, ಭಾಗ್ಯಕ್ಕ ಕಿಟಕಿ ಹತ್ತಿರ ಬರಬೇಕಂತೆ, ಸದ್ದು ಮಾಡದೆ ಬರಬೇಕಂತೆ. ಭಾಗ್ಯ ಅಕ್ಕಿ ತೊಳೆದ ಕೈಯಲ್ಲೇ ಹೋದಳು. ಅಂಕಿತಾ ಬೆಂಚಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ನಾಗು ಎಂಬ ಹುಡುಗಿ. ಅಂಕಿತಾ ನಾಲ್ಕು ಸಾಲು ಬರೆದು ಐದನೆಯದು ಬರೆಯುತ್ತಿದ್ದಳು. ನಾಲಿಗೆಯ ತುದಿ ಹೊರಗೆ ಬಂದಿತ್ತು. ಭಾಗ್ಯ ನೋಡಿದಳು, ತಿರುಗಿ ಬಂದು ಗ್ಯಾಸ್ ಸಿಲಿಂಡರಿನ ಮೇಲೆ ಕೂತು ಅತ್ತಳು. ಮಂಜಿ ಅನ್ನ ತಾನೇ ಬಸಿದಳು.

ಅದೇ ಮಧ್ಯಾಹ್ನ ಅಂಕಿತಾ ಊಟ ಮುಟ್ಟಲಿಲ್ಲ. ಮೊದಲೂ ಅವಳು ಎಲ್ಲವನ್ನೂ ತಿನ್ನುತ್ತಿರಲಿಲ್ಲ. ಬರಿ ಅನ್ನ, ಉಪ್ಪು, ನಾಲ್ಕು ಹನಿ ತೆಂಗಿನೆಣ್ಣೆ, ಅದರ ಹತ್ತಿರ ಸಾಂಬಾರು ಹರಿದು ಬರಬಾರದು. ಈಗ ಅದೂ ಬೇಡ. ಮೂವತ್ತೇಳು ಮಕ್ಕಳು ತಿಂದು ಕೈ ತೊಳೆದರು, ಅವಳ ತಟ್ಟೆಯ ಅನ್ನ ಒಣಗಿತು. ಮರುದಿನವೂ ಹಾಗೆಯೇ. ಡಾಕ್ಟರಿಗೆ ಫೋನು ಮಾಡಿದರೆ, ಬೆಳಿಗ್ಗೆ ಗುಳಿಗೆಗೆ ಮೊದಲು ಹೊಟ್ಟೆ ತುಂಬ ತಿನ್ನಿಸಿ, ಸಂಜೆ ಅದರ ಬಲ ಇಳಿದ ಮೇಲೆ ಮತ್ತೆ ತಿನ್ನಿಸಿ ಎಂದರು. ಭಾಗ್ಯ ಆರು ಗಂಟೆಗೇ ದೋಸೆ ಹೊಯ್ಯತೊಡಗಿದಳು. ಸಂಜೆ ಮುಳ್ಳು ತೆಗೆದ ಬಂಗಡೆ, ಅನ್ನ. ಸ್ವಲ್ಪ ದಿನ ಅದರಲ್ಲಿ ನಡೆಯಿತು.

ನವೆಂಬರಿನ ಕೊನೆಗೆ ಡಾಕ್ಟರು ಪ್ರಮಾಣವನ್ನು ಒಂದು ಮೆಟ್ಟಿಲು ಏರಿಸಿದರು. ಏನಾದರೂ ಬದಲಾದರೆ ಕೂಡಲೇ ಫೋನು ಮಾಡಿ ಎಂದೂ ಹೇಳಿದ್ದರು. ಬದಲಾದದ್ದು ಭಾಗ್ಯಳಿಗೆ ಮೊದಲ ವಾರ ಹೊಳೆಯಲಿಲ್ಲ. ಮನೆ ನಿಶ್ಶಬ್ದವಾಗಿತ್ತು, ಅವಳು ಅದನ್ನು ನೆಮ್ಮದಿ ಎಂದುಕೊಂಡಳು. ಒಂದು ಸಂಜೆ ಗಣಪಿಯೇ ಹೇಳಿದಳು.

"ಭಾಗ್ಯಾ, ಕೂಸು ನಂಬರ್ ಹೇಳ್ದೆ ಎಷ್ಟು ದಿನ ಆತು?"

ಭಾಗ್ಯ ನೆನಪು ಮಾಡಿಕೊಂಡಳು. ನೆನಪಾಗಲಿಲ್ಲ. ಅಂಕಿತಾ ಜಗಲಿಯ ಮೇಲೆ ಕೂತಿದ್ದಳು, ಎರಡೂ ಕೈ ಮಡಿಲಲ್ಲಿ. ರಸ್ತೆಯಲ್ಲಿ ಕುಮಟೆಯ ಬಸ್ಸು ಹೋಯಿತು. ಅವಳು ತಲೆ ಎತ್ತಲಿಲ್ಲ. ಭಾಗ್ಯ ಹತ್ತಿರ ಹೋಗಿ ಕೈ ಬಿಡಿಸಿ ನೋಡಿದರೆ ಹೆಬ್ಬೆರಳಿನ ಉಗುರಿನ ಪಕ್ಕದ ಚರ್ಮ ಕಿತ್ತು ಕಿತ್ತು ರಕ್ತ ಬಂದಿತ್ತು.

ಮರುದಿನ ಅವಳು ಗುರುದತ್ತ ಮಾಸ್ತರರ ಹತ್ತಿರ ಮಾತಾಡಿದಳು. ಅವರು ಖುಷಿಯಲ್ಲಿದ್ದರು.

"ಎಷ್ಟು ಒಳ್ಳೆ ಹುಡುಗಿ ಆಗೋಗಿದ್ದಾಳೆ ನೋಡಿ. ಒಂದ್ಸಲನೂ ಏಳೂದಿಲ್ಲ."

"ಮಾಸ್ತರೇ, ಅವಳಾಗೇ ಕೂತಂಗೆ ನಂಗೆ ಕಾಣೂದಿಲ್ಲ. ಯಾರೋ ಕೂರ್ಸಿ ಹೋದಂಗೆ ಕಾಣ್ತದೆ. ನಾಗು ಹತ್ರ ಮಾತಾಡ್ತಾಳಾ ಅವಳು?"

ಮಾಸ್ತರರು ತಾವು ತುಂಬುತ್ತಿದ್ದ ಕಾಗದವನ್ನು ಮೇಜಿನ ಖಾನೆಯಿಂದ ತೆಗೆದರು. ಪಾಠದ ಸಾಲುಗಳಲ್ಲೆಲ್ಲ 'ಉತ್ತಮ' ಎಂದು ಬರೆದಿದ್ದರು. ಬೇರೆ ಮಕ್ಕಳ ಜೊತೆ ಹೇಗಿದ್ದಾಳೆ ಎಂಬ ಸಾಲು ಹದಿನೈದು ದಿನದಿಂದ ಖಾಲಿ ಇತ್ತು. ನಾಗುವನ್ನು ಕರೆದು ಕೇಳಿದರೆ, "ಅವ್ಳು ನನ್ ಸಂಗ್ತಿ ಟೂ ಬಿಟ್ಟಿದ್ದಾಳೆ ಸಾರ್," ಎಂದಳು ಅವಳು, ಅಳು ತಡೆಯುತ್ತ.

ಡಾಕ್ಟರು ಹೊನ್ನಾವರಕ್ಕೆ ಬರುವುದಕ್ಕೆ ಇನ್ನೂ ಒಂಬತ್ತು ದಿನವಿತ್ತು. ಫೋನು ಮಾಡಬಹುದಿತ್ತು. ಭಾಗ್ಯ ಮಾಡಲಿಲ್ಲ. ಅಷ್ಟೆಲ್ಲ ಹೇಳಿ ಕೊಟ್ಟ ಔಷಧಿ ಬೇಡವೆಂದರೆ ಏನಂದುಕೊಳ್ಳುತ್ತಾರೋ, ಗುಳಿಗೆಯ ಮಾತು ಮೊದಲು ಎತ್ತಿದ ಮಾಸ್ತರರಿಗೆ ಏನು ಹೇಳುವುದೋ ಎಂಬ ಅಳುಕು. ಅವಳು ಯಾರಿಗೂ ಹೇಳದೆ ಬಾಳೆಹಣ್ಣನ್ನು ಬರಿದಾಗಿ ಕೊಟ್ಟಳು. ಮೊದಲ ದಿನ ಅಂಕಿತಾ ಮಧ್ಯಾಹ್ನ ಅರ್ಧ ತಟ್ಟೆ ಅನ್ನ ತಿಂದಳು. ಎರಡನೆಯ ದಿನ ರಸ್ತೆಯ ಬೈಕೊಂದರ ನಂಬರು ಹೇಳಿದಳು. ಭಾಗ್ಯ ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದಳು.

ಐದನೆಯ ದಿನ ಊಟಕ್ಕೆ ಹತ್ತು ನಿಮಿಷವಿರುವಾಗ ಅಂಕಿತಾ ತರಗತಿಯಿಂದ ಹಾರಿ ಸೀದಾ ಅಡುಗೆ ಕೋಣೆಗೆ ಬಂದಳು. ಭಾಗ್ಯ ಮತ್ತು ಮಂಜಿ ಸಾಂಬಾರಿನ ಪಾತ್ರೆಯನ್ನು ಎರಡು ಕಡೆ ಹಿಡಿದು ಒಲೆಯಿಂದ ಇಳಿಸುತ್ತಿದ್ದರು. ಮಗು ಅವರಿಬ್ಬರ ನಡುವೆ ನುಗ್ಗಿತು. ಭಾಗ್ಯ ತನ್ನ ಎಡಗೈಯನ್ನು ಪಾತ್ರೆಗೂ ಮಗಳಿಗೂ ನಡುವೆ ಅಡ್ಡ ಕೊಟ್ಟಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಕುದಿಯುವ ಸಾಂಬಾರು ಹರಿಯಿತು. ಅಂಕಿತಾಳಿಗೆ ಒಂದು ಹನಿಯೂ ಸಿಡಿಯಲಿಲ್ಲ. ಆದರೆ ತಾಯಿ ಕೂಗಿದ್ದಕ್ಕೆ ಹೆದರಿ ಎರಡೂ ಕಿವಿ ಮುಚ್ಚಿಕೊಂಡು ಮೂಲೆಯಲ್ಲಿ ಕೂತುಬಿಟ್ಟಳು.

ಗುರುದತ್ತ ಮಾಸ್ತರರು ಬೈಕಿನ ಮೇಲೆ ಭಾಗ್ಯಳನ್ನು ಕುಮಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದರು. ದಾರಿಯಲ್ಲಿ ಅವಳು ಹಿಂದಿನಿಂದ ಹೇಳಿದಳು, "ಮಾಸ್ತರೇ, ನಾನು ಗುಳಿಗೆ ನಿಲ್ಸಿದ್ದೆ." ಗಾಳಿಗೆ ಅವರಿಗೆ ಕೇಳಿಸಲಿಲ್ಲವೆಂದು ಮತ್ತೊಮ್ಮೆ ಹೇಳಿದಳು. ಮಾಸ್ತರರು, "ಮೊದ್ಲು ಕೈ ತೋರ್ಸುವ," ಎಂದಷ್ಟೇ ಹೇಳಿದರು.

ಸುದ್ದಿ ಕೇಳಿ ಉಮೇಶ ಸಂಜೆಯ ಬಸ್ಸಿಗೆ ಭಟ್ಕಳದಿಂದ ಬಂದ. ಬ್ಯಾಂಡೇಜು ಸುತ್ತಿದ ಹೆಂಡತಿಯ ಕೈ ನೋಡಿದ, ಮಗಳನ್ನು ನೋಡಿದ. ಜಗಳವಾಗುತ್ತದೆ ಎಂದು ಭಾಗ್ಯ ಕಾದಿದ್ದಳು. ಅವನು ಅಂದು ಗಂಜಿ ಮಾಡಿ ಎಲ್ಲರಿಗೂ ಬಡಿಸಿದ, ಪಾತ್ರೆ ತೊಳೆದ. ಹೊನ್ನಾವರಕ್ಕೆ ಹೋಗುವ ದಿನ ಬಂದಾಗ, "ನಾನೂ ಬತ್ತೆ," ಎಂದ.

ಡಾಕ್ಟರ ಎದುರು ಭಾಗ್ಯ ಎಲ್ಲವನ್ನೂ ಒಪ್ಪಿಕೊಂಡಳು. ತಲೆ ತಗ್ಗಿಸಿಯೇ ಮಾತಾಡಿದಳು. ಅಂಕಿತಾಳ ತೂಕ ಒಂದೂವರೆ ಕಿಲೋ ಇಳಿದಿತ್ತು. ಡಾಕ್ಟರು ಮಾಸ್ತರರ ಕಾಗದವನ್ನೂ ಓದಿದರು. ಖಾಲಿ ಬಿಟ್ಟ ಸಾಲಿನಲ್ಲಿ ಅವರು ಈಗ ಬರೆದಿದ್ದರು: 'ಮಾತು ನಿಂತಿದೆ. ನಾನು ಗಮನಿಸಲಿಲ್ಲ. ತಾಯಿ ಗಮನಿಸಿದರು.'

"ನೀವು ನೋಡಿದ್ದು ಸರಿ," ಎಂದರು ಡಾಕ್ಟರು. "ಇದು ಅವಳಿಗೆ ಒಗ್ಗಲಿಲ್ಲ. ಈ ಗುಳಿಗೆ ನಿಲ್ಲಿಸಿದ್ದರಿಂದ ಅವಳ ದೇಹಕ್ಕೆ ಅಪಾಯ ಆಗಲಿಲ್ಲ. ಆದ್ರೆ ಎಲ್ಲ ಔಷಧಿನೂ ಹಾಗೆ ದಿಢೀರ್ ನಿಲ್ಲಿಸುವಂತಿಲ್ಲ. ಇನ್ನು ಮುಂದೆ ಒಂದು ಫೋನ್ ಮಾಡಿ. ನಾನು ಬೈಯೋದಿಲ್ಲ."

ಉಮೇಶ ಅಷ್ಟು ಹೊತ್ತೂ ಕಿಟಕಿಯ ಕಡೆ ನೋಡುತ್ತಿದ್ದ. ಆಗ ಕೇಳಿದ, "ಡಾಕ್ಟ್ರೇ, ಇದು ಅಪ್ಪನಿಂದ ಬತ್ತದಾ?"

"ಕೆಲವು ಸಲ ಮನೆತನದಲ್ಲಿ ಇರ್ತದೆ. ಯಾಕೆ?"

"ನಂಗೂ ಸಣ್ಣಕಿರ್ಬೇಕಾದ್ರೆ ಕೂರುಕೆ ಆಗ್ತಿರ್ಲಿಲ್ಲ. ಮಾತೆಲ್ಲ ಸರೀ ಇತ್ತು. ಕೂರೂದು ಒಂದು ಆಗ್ತಿರ್ಲಿಲ್ಲ. ನಾಲ್ಕನೇ ಕ್ಲಾಸಲ್ಲಿ ಮಾಸ್ತರ್ರು ನನ್ನ ಕಂಬಕ್ಕೆ ಕಟ್ಟಿದ್ರು. ಎಲ್ಲಾ ಮಕ್ಕಳ ಎದ್ರಿಗೆ, ಶಾಲೆ ಬಿಡುವ ತನಕ. ಈ ಗುಳಿಗೆ ಅಂದ ಕೂಡ್ಲೆ ನಂಗೆ ಆ ಹಗ್ಗವೇ ಕಣ್ಣಿಗೆ ಬಂತು. ಅವಳನ್ನೂ ಕಟ್ಟುಕೆ ಹೊರಟ್ರು ಅಂತ."

ಹತ್ತು ವರ್ಷದ ಸಂಸಾರದಲ್ಲಿ ಭಾಗ್ಯ ಈ ಮಾತನ್ನು ಕೇಳಿರಲಿಲ್ಲ. ಅವನು ಆರನೆಯ ತರಗತಿಗೆ ಶಾಲೆ ಬಿಟ್ಟ ಎಂದಷ್ಟೇ ಗೊತ್ತಿತ್ತು. 

"ಮೊದಲನೇದು ಅವಳನ್ನ ಕಟ್ಟಿದ ಹಾಗೇ ಆಯ್ತು, ಅದಕ್ಕೇ ಬೇಡ ಅಂದದ್ದು," ಎಂದರು ಡಾಕ್ಟರು. "ಇನ್ನೊಂದು ತರದ್ದು ಇದೆ. ಇದು ನಿಧಾನ, ಆರು ವಾರ ಆಗಬಹುದು. ಹೊಟ್ಟೆನೋವು ಬರಬಹುದು, ತೂಕಡಿಕೆ ಬರಬಹುದು. ಮನಸ್ಸು ತೀರಾ ಕುಗ್ಗಿದ ಹಾಗೆ ಕಂಡ್ರೆ ಆವತ್ತೇ ತಿಳಿಸಬೇಕು. ಬೇಡ ಅಂದ್ರೆ ಔಷಧಿ ಇಲ್ಲದೇ ಮುಂದುವರಿಸೋಣ, ಅದೂ ತಪ್ಪಲ್ಲ. ಇಬ್ಬರೂ ಯೋಚನೆ ಮಾಡಿ ಹೇಳಿ."

ಬಸ್ಸು ಕುಮಟೆಗೆ ಹತ್ತಿರವಾಗುವಾಗ ಉಮೇಶ, "ಕೊಟ್ಟು ನೋಡ್ವಾ," ಎಂದ. ಭಾಗ್ಯ ಅಂದುಕೊಂಡದ್ದೂ ಅದನ್ನೇ.

ಮನೆಯಲ್ಲಿ ಉಮೇಶ ಕಂಬದ ವಿಷಯ ಎತ್ತಲಿಲ್ಲ. ಭಾಗ್ಯಳೇ ಎರಡು ದಿನ ಬಿಟ್ಟು ಅತ್ತೆಯ ಹತ್ತಿರ ಕೇಳಿದಳು. ಗಣಪಿ ತೆಂಗಿನಕಾಯಿ ಸುಲಿಯುತ್ತಿದ್ದಳು. ಕೈ ನಿಂತಿತು.

"ಹಗ್ಗ ನಾನೇ ಕೊಟ್ಟದ್ದು," ಎಂದಳು. "ಮಾಸ್ತರ್ರು, ನಿನ್ ಮಗನ್ನ ಹಿಡ್ದು ಇಟ್ಕಣುಕೆ ಆಗೂದಿಲ್ಲ ಅಂದ್ರು. ದನದ ಹಗ್ಗ ತಕಂಡ್ ಹೋಗಿ ಕೊಟ್ಟೆ. ನಂಗೆ ಎಂತ ಗೊತ್ತಿತ್ತು? ಒಳ್ಳೇದಾಗ್ಲಿ ಅಂತ ಕೊಟ್ಟೆ." ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿ, "ಅವ ನನ್ ಹತ್ರ ಇವತ್ತಿಗೂ ಅದನ್ನ ಕೇಳ್ಲಿಲ್ಲ," ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಕಾಯಿ ಸುಲಿಯತೊಡಗಿದಳು. ಅಂದಿನಿಂದ ಅಂಕಿತಾಳ ಬೆಳಗಿನ ಊಟದ ಹೊಣೆಯನ್ನು ಅವಳು ತಾನೇ ಹೊತ್ತಳು. ಎರಡನೆಯ ಔಷಧಿಯನ್ನು ಊಟದ ಜೊತೆ ಕೊಡಬೇಕಿತ್ತು. ಮೊಮ್ಮಗಳ ಹಿಂದೆ ಬಾವಿ ಸುತ್ತುತ್ತ, ಒಂದು ಸುತ್ತಿಗೆ ಒಂದು ತುತ್ತಿನಂತೆ ಅವಳು ತಿನ್ನಿಸಿದಳು. ಆ ಔಷಧಿ ಬರುತ್ತಿದ್ದುದು ಕ್ಯಾಪ್ಸೂಲಿನಲ್ಲಿ. ಬಾಯಲ್ಲಿ ಅಗಿಯುವಂತಿಲ್ಲ, ಬಿಚ್ಚುವಂತಿಲ್ಲ, ಇಡಿಯಾಗಿಯೇ ನುಂಗಬೇಕು. ಅದನ್ನು ಕಲಿಸಿದವಳೂ ಗಣಪಿಯೇ. ಮೊದಲು ಅನ್ನದ ಅಗುಳು, ಆಮೇಲೆ ನೆನೆಸಿದ ಹೆಸರುಕಾಳು, ಹೀಗೆ ಹದಿನೈದು ದಿನ ಆಟದ ಹಾಗೆ ನುಂಗಿಸಿ ಅಭ್ಯಾಸ ಮಾಡಿಸಿದಳು.

ಔಷಧಿ ಶುರುವಾದ ಮೊದಲ ಎರಡು ವಾರ ಅಂಕಿತಾ ಹೊಟ್ಟೆ ಹಿಡಿದುಕೊಂಡು ಅತ್ತಳು. ಶಾಲೆಯಲ್ಲಿ ಬೆಂಚಿನ ಮೇಲೆ ನಿದ್ದೆ ಹೋದಳು. ಭಾಗ್ಯ ಮೂರು ಸಲ ಡಾಕ್ಟರಿಗೆ ಫೋನು ಮಾಡಿದಳು. ಬೈಸಿಕೊಳ್ಳಲಿಲ್ಲ. ಮೂರನೆಯ ವಾರಕ್ಕೆ ಹೊಟ್ಟೆನೋವು ಹೋಯಿತು. ಐದನೆಯ ವಾರದವರೆಗೆ ಬೇರೇನೂ ಆಗಲಿಲ್ಲ. ನೀರಿಗೆ ಹಾಕಿದ ಹಾಗಾಯಿತೋ ಎಂದುಕೊಳ್ಳುವಷ್ಟರಲ್ಲಿ ಗುರುದತ್ತ ಮಾಸ್ತರರು ಒಂದು ವಿಷಯ ಹೇಳಿದರು. ಅಂಕಿತಾ ಎಂದಿನಂತೆ ಎದ್ದು ಬಾಗಿಲಿಗೆ ಓಡಿದ್ದಳು. ಇವರು "ಅಂಕಿತಾ" ಎಂದರು. ಅವಳು ನಿಂತಳು. ತಿರುಗಿ ನೋಡಿದಳು. ಮತ್ತೆ ಬಂದು ಕೂತಳು.

"ನಿಂತಳು ಭಾಗ್ಯಕ್ಕಾ," ಎಂದು ಮಾಸ್ತರರು ಎರಡು ಸಲ ಹೇಳಿದರು.

ಅದರಾಚೆ ದೊಡ್ಡ ಪವಾಡವೇನೂ ಆಗಲಿಲ್ಲ. ಅಂಕಿತಾ ಈಗಲೂ ಏಳುತ್ತಾಳೆ, ಮೊದಲಿನಷ್ಟು ಸಲ ಅಲ್ಲ. ಐದು ಸಾಲು ಬರೆಯುವ ದಿನವೂ ಇದೆ, ಒಂದನ್ನೂ ಬರೆಯದ ದಿನವೂ ಇದೆ. ಶಬ್ದ ಹೆಚ್ಚಾದರೆ ಕಿವಿ ಮುಚ್ಚಿಕೊಂಡು ಕೂಗುತ್ತಾಳೆ. ಅದಕ್ಕೆ ಯಾವ ಗುಳಿಗೆಯೂ ಇಲ್ಲ. ಅವಳನ್ನು ಹೊರಗೆ ಕರೆದುಕೊಂಡು ಹೋಗಿ ಮರದ ಕೆಳಗೆ ಕೂರಿಸಬೇಕು. ನಾಗುವಿನ ಜೊತೆ ಮಾತು ಮತ್ತೆ ಶುರುವಾಯಿತು. ನಾಗು ಈಗ ಊರಿನ ಅರ್ಧ ಬೈಕುಗಳ ನಂಬರು ಕಲಿತಿದ್ದಾಳೆ.

ಎರಡನೆಯ ಔಷಧಿ ಶುರುವಾದ ಜನವರಿಯಲ್ಲೇ ಒಂದು ಭಾನುವಾರ ಉಮೇಶ ಭಟ್ಕಳದಿಂದ ಗೂಡ್ಸ್ ರಿಕ್ಷಾದಲ್ಲಿ ಒಂದು ಕಬ್ಬಿಣದ ಗೇಟು ತಂದು ಶಾಲೆಗೆ ಕೂರಿಸಿದ. ಚಿಲಕವನ್ನು ಹೊರಗಡೆ, ದೊಡ್ಡವರ ಎದೆಯ ಮಟ್ಟಕ್ಕೆ ಹಾಕಿದ್ದ. ಶಾಲೆಯ ಒಳಗೆ ಹೋಗಲು ಹಿಂಜರಿದು ಗೇಟಿನ ಹತ್ತಿರವೇ ನಿಂತಿದ್ದವನನ್ನು ಗುರುದತ್ತ ಮಾಸ್ತರರು ಒಳಗೆ ಕರೆದು, ಮಗಳು ಕೂರುವ ಬೆಂಚು ತೋರಿಸಿದರು. ಉಮೇಶ ಆ ಸಣ್ಣ ಬೆಂಚಿನ ಮೇಲೆ ಮೊಣಕಾಲು ಮಡಚಿ ಸ್ವಲ್ಪ ಹೊತ್ತು ಕೂತ.

ಕಳೆದ ಬೇಸಿಗೆ ರಜೆಯಲ್ಲಿ ಡಾಕ್ಟರು ಔಷಧಿಯನ್ನು ಹಂತ ಹಂತವಾಗಿ ಇಳಿಸಿ ನೋಡಿದರು. ಮೂರನೆಯ ವಾರಕ್ಕೆ ಅಂಕಿತಾ ಹೊಳನಗದ್ದೆಯ ಅಜ್ಜನ ಮನೆಯಿಂದ ಸಮುದ್ರದ ಕಡೆ ಓಡಿದಳು. ಸಿಕ್ಕಿದಳು, ಏನೂ ಆಗಲಿಲ್ಲ. ಮತ್ತೆ ಶುರು ಮಾಡಿದರು. ಮುಂದಿನ ವರ್ಷ ಮತ್ತೆ ನೋಡೋಣ, ಬೆಳೆಯುತ್ತ ಬೇಡವಾಗಲೂಬಹುದು ಎಂದಿದ್ದಾರೆ. ಮೂರು ತಿಂಗಳಿಗೊಮ್ಮೆ ತೂಕ, ಎತ್ತರ, ಬಿ.ಪಿ. ನೋಡಿಸಬೇಕು. ಇಬ್ಬರೂ ಹೋಗುತ್ತಾರೆ, ಉಮೇಶ ಅಂದು ರಜೆ ಹಾಕುತ್ತಾನೆ.

ಗುಳಿಗೆ ಕೊಟ್ಟದ್ದು ಒಳ್ಳೆಯದಾಯಿತೇ ಎಂದು ಮಂಜಿ ಒಂದು ದಿನ ಅಕ್ಕಿ ಆರಿಸುತ್ತ ಕೇಳಿದಳು.

"ಯಾರಿಗ್ಗೊತ್ತು ಮಂಜಕ್ಕಾ," ಎಂದಳು ಭಾಗ್ಯ. "ಕೊಡ್ದೇ ಇದ್ರೆ ಹೆಂಗೆ ಇರ್ತಿದ್ಲು ಅಂತ ನೋಡುಕೆ ಇನ್ನೊಂದು ಅಂಕಿತಾ ಇಲ್ವಲ್ಲ. ಈಗ ಕರದ್ರೆ ನಿಲ್ತಾಳೆ. ನಂಗೆ ಅಷ್ಟು ಸಾಕು."

ಈ ಏಪ್ರಿಲ್‌ನಲ್ಲಿ ಅಂಕಿತಾ ಐದನೆಯ ತರಗತಿ ಮುಗಿಸಿದಳು. ಊರಿನ ಶಾಲೆ ಐದರವರೆಗೆ ಮಾತ್ರ. ಆರಕ್ಕೆ ಎರಡು ಕಿಲೋಮೀಟರ್ ಆಚೆಯ ಹಿರಿಯ ಪ್ರಾಥಮಿಕ ಶಾಲೆಗೆ ಹೋಗಬೇಕು. ಅಲ್ಲಿ ಗುರುದತ್ತ ಮಾಸ್ತರರಿಲ್ಲ, ಅಡುಗೆ ಕೋಣೆಯಲ್ಲಿ ಭಾಗ್ಯಳೂ ಇರುವುದಿಲ್ಲ. ಭಾಗ್ಯ ಮೊದಲೇ ಒಂದು ದಿನ ಹೋಗಿ ಅಲ್ಲಿಯ ಹೆಡ್ ಅಕ್ಕೋರನ್ನು, ಎಂದರೆ ಮುಖ್ಯೋಪಾಧ್ಯಾಯಿನಿಯನ್ನು, ಕಂಡಳು. ಡಾಕ್ಟರ ಕಾಗದಗಳನ್ನೆಲ್ಲ ಒಂದು ಫೈಲಿನಲ್ಲಿ ಹಾಕಿಕೊಂಡಿದ್ದಳು. ಎರಡು ವರ್ಷದ ಹಿಂದೆ ಡಾಕ್ಟರ ಎದುರು ತಲೆ ಎತ್ತದಿದ್ದವಳು ಅಂದು ಕುರ್ಚಿ ಎಳೆದು ಕೂತು ಅರ್ಧ ಗಂಟೆ ಮಾತಾಡಿದಳು. ಮೊದಲ ಔಷಧಿ ಏನು ಮಾಡಿತು, ಎರಡನೆಯದು ಏನು ಮಾಡುತ್ತದೆ, ಏನು ಮಾಡುವುದಿಲ್ಲ, ಎಲ್ಲವನ್ನೂ ಹೇಳಿದಳು.

ಅಕ್ಕೋರು ಕೇಳಿದರು, "ಹಾಗಾದ್ರೆ ಗುಳಿಗೆ ತಕಂಡ್ರೆ ಸುಮ್ನೆ ಕೂರ್ತಾಳೆ, ಅಲ್ವಾ?"

"ಇಲ್ಲ ಅಕ್ಕೋರೇ. ಏಳ್ತಾಳೆ. ಎದ್ದಾಗ ನೀವು ಹೆಸ್ರು ಕರೀಬೇಕು. ಸಿಟ್ಟಿನಲ್ಲಿ ಕರೀಬೇಡಿ, ಅವಳಿಗೆ ಗೊತ್ತಾಗ್ತದೆ. ಮತ್ತೆ ಒಂದು ಮಾತು. ತೀರಾ ಸುಮ್ನೆ ಕೂತ್ಲು ಅಂದ್ರೆ ನಂಗೆ ಫೋನ್ ಮಾಡಿ."

ಅಕ್ಕೋರು ಕನ್ನಡಕ ತೆಗೆದು ಅವಳನ್ನೊಮ್ಮೆ ನೋಡಿದರು. ಆಮೇಲೆ ದಾಖಲಾತಿಯ ಫಾರ್ಮು ಅವಳ ಕಡೆ ಸರಿಸಿ, ಫೋನ್ ನಂಬರನ್ನು ದೊಡ್ಡದಾಗಿ ಬರೆಯಿರಿ ಎಂದರು.